ಏಟು ನಂದೋ

ಒಬ್ಬಳೇ ಹೋಗಿ ಹಂದಿ ಹೊಡೆದು ಬರುತ್ತೇನೆ ಎಂದು ನನ್ನ ಮಗಳು ಹೇಳಿದಾಗ ನಾನು ಮುದ್ದೆ ತಿರುವುತ್ತಿದ್ದೆ. ಕೈಯಲ್ಲಿದ್ದ ಕೋಲಿನಿಂದಲೇ ಅವಳ ಬೆನ್ನಿಗೆ ಎರಡು ಬಿಡಬೇಕು ಅನಿಸಿತು. ಬಿಡಲಿಲ್ಲ. ಅವಳು ಈಗ ನನಗಿಂತ ಗೇಣುದ್ದ ಎತ್ತರ, ಮೇಲಾಗಿ ಪಾತ್ರೆ ಬಿಟ್ಟು ಎದ್ದರೆ ಮುದ್ದೆ ಗಂಟಾಗುತ್ತಿತ್ತು.

ಅವಳು ಗೌರಿಬಿದನೂರಿನಲ್ಲಿ ಡಿಗ್ರಿ ಓದುತ್ತಾಳೆ. ಜಾವೆಲಿನ್ ಎಸೆಯುತ್ತಾಳೆ; ಚಿಕ್ಕಬಳ್ಳಾಪುರದ ಕ್ರೀಡಾಕೂಟಗಳಲ್ಲಿ ಗೆದ್ದ ಕಪ್ಪುಗಳು ನಮ್ಮ ಟಿವಿ ಪಕ್ಕದಲ್ಲಿ ಧೂಳು ಹಿಡಿದು ಕೂತಿವೆ. ನಗರಗೆರೆಯಿಂದ ಸ್ವಲ್ಪ ಒಳಗೆ ನಮ್ಮ ಊರು. ಊರ ಹಿಂದಿನ ಗುಡ್ಡದಿಂದ ಇಳಿಯುವ ಕೊರಕಲು ನಮ್ಮ ಹೊಲದ ಅಂಚಿಗೇ ಬಂದು ಮುಗಿಯುತ್ತದೆ. ಅಲ್ಲಿನ ಪೊದೆಗಳಲ್ಲಿ ಹಗಲೆಲ್ಲ ಮಲಗಿದ್ದು, ಹೊತ್ತಿಳಿದ ಮೇಲೆ ಹಂದಿಗಳು ನಮ್ಮ ಮುಸುಕಿನ ಜೋಳಕ್ಕೆ ನುಗ್ಗುತ್ತಿದ್ದವು. ತಿನ್ನುವುದಕ್ಕಿಂತ ತುಳಿದು ಮಲಗಿಸುವುದೇ ಹೆಚ್ಚು. ಭಾನುವಾರ ಎಲ್ಲರೂ ಸೇರಿ ಹೋಗೋಣ ಎಂದು ಊರಿನವರು ಹೇಳಿದ್ದರು. ಭಾನುವಾರದ ಹೊತ್ತಿಗೆ ಬರೀ ಕಡ್ಡಿ ಉಳಿದಿರುತ್ತದೆ ಎಂಬುದು ಅವಳ ವಾದ. ಹಂದಿ ನಿದ್ದೆಯಲ್ಲಿರುವ ಹೊತ್ತು ನೋಡಿ ಹೋಗುತ್ತಾಳಂತೆ, ಗಾಳಿ ನೋಡಿಕೊಂಡು ನಿಲ್ಲುತ್ತಾಳಂತೆ, ಫೋನಿನಲ್ಲಿ ಲೊಕೇಶನ್ ಹಾಕಿರುತ್ತಾಳಂತೆ. ಹಂದಿಗೂ ಒಂದು ಫೋನು ಕೊಡಿಸು ಎಂದೆ.

ನನ್ನ ತಮ್ಮ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವನ ಆ ಮೌನವೇ ನನಗೆ ಮೈ ಉರಿಸಿತು. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಅವನೇ. ಅವನ ಎಡಗಾಲು ತೊಡೆಯಿಂದ ಕೆಳಗೆ ಇಲ್ಲ.

ಕಾಡುಪ್ರಾಣಿ ಹೊಡೆದರೆ ಜೈಲು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಹೋಗುತ್ತಾರೆ. ನಾನು ಅದನ್ನು ಸರಿ ಎಂದು ಸಾಧಿಸಲು ಕೂತಿಲ್ಲ. ನನ್ನ ಅಪ್ಪ ಊರಿನ ಬೇಟೆಗೆ ಹಿರಿಯನಾಗಿದ್ದ, ನಾನು ಆ ಮನೆಯಲ್ಲಿ ಹುಟ್ಟಿದವಳು, ಅಷ್ಟೇ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಗ್ಗೆ, ಗಂಡಸರೆಲ್ಲ ಬಲೆ, ಈಟಿ, ನಾಯಿ ಸಮೇತ ಗುಡ್ಡಕ್ಕೆ ಹೋಗುತ್ತಿದ್ದರು. ಅರ್ಧ ಜನ ಸದ್ದು ಮಾಡುತ್ತ ಪೊದೆ ಸೋವಿ ಪ್ರಾಣಿಗಳನ್ನು ಎಬ್ಬಿಸುವುದು, ಇನ್ನರ್ಧ ಜನ ಬಲೆಯ ಹತ್ತಿರ ಉಸಿರು ಬಿಗಿಹಿಡಿದು ಕಾಯುವುದು. ಮಧ್ಯಾಹ್ನ ಹಂದಿಯನ್ನೋ ಮೊಲಗಳನ್ನೋ ಗಣೆಗೆ ಕಟ್ಟಿ ಹೊತ್ತು ತಂದು, ಅರಳಿಕಟ್ಟೆಯ ಹಿಂದೆ ಹೊಂಗೆ ಸೊಪ್ಪು ಹಾಸಿ ಪಾಲು ಹಾಕುತ್ತಿದ್ದರು. ಬಲೆಗೊಂದು ಪಾಲು, ನಾಯಿಗೊಂದು ಪಾಲು. ಬಸುರಿ ಇರುವ ಮನೆಯಿಂದ ಯಾರೂ ಬಂದಿರದಿದ್ದರೂ ಆ ಮನೆಗೊಂದು ಪಾಲು.

ಮೊದಲ ಏಟು ಹಾಕಿದವನಿಗೆ ಹಿಂದೊಡೆ. ಅದರಲ್ಲೇ ಜಗಳ ಹುಟ್ಟುತ್ತಿದ್ದದ್ದು. ಅಪ್ಪನ ತಾತನ ಕಾಲದಲ್ಲಿ ಇಬ್ಬರು ನಂದು ನಂದು ಎಂದು ಕಿತ್ತಾಡಿ, ಸತ್ತ ಹಂದಿಯ ಮೇಲೇ ಒಬ್ಬ ಇನ್ನೊಬ್ಬನ ಕಿವಿ ಕೊಯ್ದುಬಿಟ್ಟಿದ್ದನಂತೆ. ಆಮೇಲೆ ಒಂದು ಕಟ್ಟು ಮಾಡಿದರು. ಯಾರ ಈಟಿ ನಾಟುತ್ತದೋ ಅವನು ಆ ಕ್ಷಣವೇ "ಏಟು ನಂದೋ" ಎಂದು ಕೂಗಬೇಕು. ಹತ್ತಿರದಲ್ಲಿ ಕೇಳಿಸಿಕೊಂಡವನು "ಕೇಳ್ತೋ" ಎಂದು ಓಗೊಡಬೇಕು. ಓಗೊಟ್ಟರೆ ಮಾತ್ರ ಏಟು ನಿಂತಂತೆ. ಯಾರೂ ಓಗೊಡದಿದ್ದರೆ ಓಗೊಡುವವರೆಗೂ ಕೂಗುತ್ತಲೇ ಇರಬೇಕು. ಓಗೊಟ್ಟವನು ಸಾಕ್ಷಿ, ಅವನಿಗೆ ಗುಂಡಿಗೆಯ ಪಾಲು.

ಚಿಕ್ಕವರಾಗಿದ್ದಾಗ ನಾನೂ ತಮ್ಮನೂ ಇದನ್ನೇ ಆಡುತ್ತಿದ್ದೆವು. ಅವನು ಕಲ್ಲಿನಿಂದ ಮಾವಿನಕಾಯಿ ಉರುಳಿಸಿ "ಏಟು ನಂದೋ" ಎನ್ನುವುದು, ನಾನು ಬೇಲಿಯ ಆಚೆಯಿಂದ "ಕೇಳ್ತೋ" ಎನ್ನುವುದು, ಅವನು ಒಂದು ಕಚ್ಚು ಕಚ್ಚಿ ಉಳಿದದ್ದನ್ನು ನನಗೆ ಕೊಡುವುದು. ನಾನು ಮೈನೆರೆದ ಮೇಲೆ ಅಪ್ಪ ಬೈದು ಅದನ್ನು ನಿಲ್ಲಿಸಿದ. ಹೆಂಗಸರು ಓಗೊಟ್ಟರೆ ಏಟು ಕೆಡುತ್ತದಂತೆ. ಮಾವಿನಕಾಯಿಗೂ ಕೆಡುತ್ತದೆಯೇ ಎಂದು ಕೇಳಿದ್ದಕ್ಕೆ ಅಮ್ಮನ ಕೈಯಿಂದ ತಿಂದ ಏಟು ಮಾತ್ರ ಚೆನ್ನಾಗಿ ನೆನಪಿದೆ.

ಅಪ್ಪನಿಗೆ ಇದ್ದ ಇನ್ನೊಂದು ಹಟವೆಂದರೆ, ಯಾರೂ ಒಬ್ಬರೇ ಹೋಗಕೂಡದು ಎಂಬುದು. ಹಂದಿ ತಿವಿಯುತ್ತದೆ ಎಂಬ ಭಯ ಅವನಿಗೆ ಅಷ್ಟಾಗಿ ಇರಲಿಲ್ಲ. ಅವನ ಕಣ್ಣಿಗೆ ಒಬ್ಬನೇ ಹೊಡೆದು ತಂದದ್ದು ಕಳ್ಳಮಾಲು. ಸಾಕ್ಷಿ ಇಲ್ಲ, ಪಾಲು ಇಲ್ಲ, ಕದ್ದು ತಂದು ಕದ್ದು ತಿನ್ನುವುದು. ಹಾಗೆ ಮೊಲ ಹಿಡಿದು ಸಾರು ಮಾಡಿಕೊಂಡ ಒಬ್ಬನ ಮನೆಗೆ ಅವನು ಬಹಳ ಕಾಲ ಕಾಲಿಡಲಿಲ್ಲ.

ಕಾಲ ಅವನ ಮಾತು ಕೇಳಲಿಲ್ಲ. ಗೌರಿಬಿದನೂರಿನ ಸುತ್ತ ಫ್ಯಾಕ್ಟರಿಗಳು ಬಂದವು. ಬಲೆ ಹಿಡಿಯುತ್ತಿದ್ದವರೆಲ್ಲ ಶಿಫ್ಟಿಗೆ ಹೋಗತೊಡಗಿದರು. ನನ್ನ ತಮ್ಮನೂ ಸೇರಿದ. ಒಬ್ಬರಿಗೆ ರಜೆ ಇದ್ದ ದಿನ ಇನ್ನೊಬ್ಬರಿಗೆ ಇರುತ್ತಿರಲಿಲ್ಲ. ಹೊಸತೊಡಕಿಗೇನೋ ಸೇರುತ್ತಿದ್ದರು, ಆದರೆ ಹಂದಿಗಳು ವರ್ಷವೆಲ್ಲ ತಿನ್ನುತ್ತಿದ್ದವು. ಜನ ಸೇರದ ಕಡೆ ಜನ ಬೇರೆ ದಾರಿ ಹುಡುಕಿದರು. ಬೇಲಿಗೆ ಕರೆಂಟು ಕೊಟ್ಟರು, ತಂತಿಯ ಉರುಳು ಕಟ್ಟಿದರು. ಕೆಲವರು ಸಿಡಿಮದ್ದನ್ನು ಹಿಟ್ಟಿನ ಉಂಡೆಯೊಳಗೆ ಇಟ್ಟು ಬದುವಿನ ಮೇಲೆ ಎಸೆದು ಬರತೊಡಗಿದರು.

ಅಂಥದ್ದೊಂದು ಉಂಡೆಯನ್ನು ನಮ್ಮ ನಾಯಿ ಕಚ್ಚಿತು. ಬೇಟೆಯಲ್ಲಿ ಎಲ್ಲ ನಾಯಿಗಳಿಗಿಂತ ಮುಂದೆ ಹೋಗುತ್ತಿದ್ದ ಕಂದು ಹೆಣ್ಣುನಾಯಿ. ಪಟಾಕಿ ಒಡೆದ ಸದ್ದು ಕೇಳಿ ನಾವು ಹೊರಗೆ ಬಂದಾಗ ಅದು ಬೀದಿಯಲ್ಲಿ ನಡೆದುಕೊಂಡು ಬರುತ್ತಿತ್ತು. ಕಣ್ಣುಗಳಿದ್ದವು, ಕಣ್ಣಿನ ಕೆಳಗೆ ಏನೂ ಇರಲಿಲ್ಲ. ದವಡೆ ಹಾರಿಹೋಗಿ ನಾಲಿಗೆಯ ಬುಡ ಎದೆಯ ಮೇಲೆ ತೂಗಾಡುತ್ತಿತ್ತು. ಆದರೂ ನನ್ನ ತಮ್ಮನನ್ನು ನೋಡಿ ಬಾಲ ಅಲ್ಲಾಡಿಸಿತು. ಅವನು ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಹಾರೆಯಿಂದ ಒಂದೇ ಪೆಟ್ಟಿಗೆ ಮುಗಿಸಿದ. ಹೂತು ಬಂದವನು ಅಂಗಿ ಬಿಚ್ಚಿ ಕಲ್ಲಿನ ಮೇಲೆ ಒಗೆಯುತ್ತ ಅಪ್ಪನಿಗೆ ಹೇಳಿದ:

"ನಿಮ್ ಕಟ್ಟು ಕಾಯ್ತಾ ಕೂತ್ರೆ ಎಲ್ರೂ ಮದ್ದೇ ಇಡ್ತಾರಪ್ಪ. ಎದುರಿಗೆ ನಿಂತು ಈಟಿ ಎಸ್ದು ಹೊಡೆಯೋದು ಎಷ್ಟೋ ವಾಸಿ. ನಾನೊಬ್ನೇ ಹೋಗ್ತೀನಿ."

"ಒಬ್ನೇ ಹೋದ್ರೆ ನೀನೂ ಕಳ್ಳನೇ ಕಣೋ. ಮದ್ದಿಡೋನಿಗೂ ನಿಂಗೂ ಏನ್ ವ್ಯತ್ಯಾಸ?" ಎಂದು ಅಪ್ಪ ಕೇಳಿದ.

ಆ ಹೊತ್ತು ನನಗೆ ಇಬ್ಬರ ಮೇಲೂ ಕೋಪ ಬಂದಿತ್ತು. ಈಟಿ ಹಿಡಿಯಲು ಕಲಿಸಿದವನೂ ಅಪ್ಪನೇ, ಈಗ ಹಿಡಿಯಬೇಡ ಎನ್ನುವವನೂ ಅಪ್ಪನೇ. ತಮ್ಮನಂತೂ ಮೀಸೆ ಚಿಗುರಿ ಇನ್ನೂ ಸರಿಯಾಗಿ ದಪ್ಪವಾಗಿರಲಿಲ್ಲ, ಮಾತು ಮಾತ್ರ ಯಜಮಾನನದು.

ಆ ವರ್ಷ ಕಡಲೇಕಾಯಿ ಕೀಳುವ ಹೊತ್ತಿಗೆ ಅಮ್ಮ ತೀರಿಹೋಗಿದ್ದಳು. ನನ್ನದು ಊರೊಳಗಿನ ಸಂಬಂಧ, ಗಂಡನ ಮನೆಗೂ ಅಪ್ಪನ ಮನೆಗೂ ನಡುವೆ ಒಂದು ಬೀದಿ. ನನ್ನ ಗಂಡ ಚಿಂತಾಮಣಿ ಕಡೆ ಬಸ್ಸು ಓಡಿಸುತ್ತಾ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ನಾನು ಅಪ್ಪನ ಹೊಲಕ್ಕೆ ಕೀಳಲು ಹೋಗುತ್ತಿದ್ದೆ. ಮಳೆ ಕೈಕೊಟ್ಟು ನೆಲ ಗಟ್ಟಿಯಾಗಿತ್ತು, ಗುದ್ದಲಿಯಿಂದ ಎಬ್ಬಿಸಿಯೇ ಗಿಡ ಕೀಳಬೇಕಾಗಿತ್ತು. ಅರ್ಧ ಹೊಲವನ್ನು ಹಂದಿಗಳು ಆಗಲೇ ಉತ್ತು ಹಾಕಿದ್ದವು.

ಆ ದಿನ ಅಪ್ಪ ಗೌರಿಬಿದನೂರಿಗೆ ಹೋಗಿದ್ದ. ರಾತ್ರಿಯ ಶಿಫ್ಟು ಮುಗಿಸಿ ಬಂದ ತಮ್ಮ ಮಲಗದೆ ನೇರವಾಗಿ ಹೊಲಕ್ಕೆ ಬಂದ. ಹೆಗಲ ಮೇಲೆ ಅಪ್ಪನ ಈಟಿ. ಗಂಡುಹಂದಿಯೊಂದು ಕೊರಕಲಿಗೆ ಇಳಿದ ಹೆಜ್ಜೆ ಹಸಿಯಾಗಿದೆ ಎಂದ. ಅಪ್ಪ ಬರಲಿ, ಇನ್ನಿಬ್ಬರನ್ನು ಕರೆದುಕೊಂಡು ಹೋಗು ಎಂದು ಬೈದೆ, ಈಟಿಯ ಹಿಡಿ ಹಿಡಿದು ಎಳೆದೆ. ಅವನು ನಗುತ್ತಾ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಊಟದ ಹೊತ್ತಿಗೆ ಬಂದುಬಿಡುತ್ತೇನೆ, ಗೊಜ್ಜು ಉಳಿಸಿರು ಎಂದು ಹೇಳಿ ಹೋದ.

ನಾನು ಗಿಡ ಕೀಳುತ್ತಾ ಅವನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದೆ. ಬಿಸಿಲೇರಿತು. ಆಗ ಕೊರಕಲಿನಿಂದ ಕೂಗು ಬಂತು.

"ಏಟು ನಂದೋ!"

ಅಷ್ಟು ಖುಷಿಯ ಕೂಗನ್ನು ನಾನು ಅವನ ಬಾಯಲ್ಲಿ ಮಾವಿನಕಾಯಿಯ ಕಾಲದ ನಂತರ ಕೇಳಿರಲಿಲ್ಲ. ನನ್ನ ಬಾಯಿ ನನ್ನನ್ನು ಕೇಳದೆಯೇ "ಕೇಳ್ತೋ" ಎಂದಿತು. ಆದರೆ ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು. ಅವನದು ನನಗೆ ಬಂತು, ನನ್ನದು ಅವನಿಗೆ ಹೋಗಲಿಲ್ಲ. ಅವನು ಮತ್ತೆ ಕೂಗಿದ. ಕೊರಕಲಿನಲ್ಲಿ ಬೇರೆ ಯಾರೂ ಇಲ್ಲವೆಂದು ಅವನಿಗೆ ಗೊತ್ತು, ಆದರೂ ಓಗೊಡುವವರೆಗೆ ನಿಲ್ಲಿಸುವುದಿಲ್ಲ. ಪೊದೆಯಲ್ಲಿ ಗಾಯಗೊಂಡು ಬಿದ್ದಿರುವ ಹಂದಿಗೆ ಅವನು ನಿಂತಿರುವ ಜಾಗವನ್ನು ತಾನೇ ಕೂಗಿ ಕೂಗಿ ತೋರಿಸುತ್ತಿದ್ದಾನೆ. ಗುದ್ದಲಿ ಹಿಡಿದು ಓಡಿದೆ. ಓಡುತ್ತಲೇ "ಕೇಳ್ತೋ, ಕೇಳ್ತು ಕಣೋ, ಸುಮ್ನಿರೋ" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಮೂರನೆಯ ಕೂಗು ಅರ್ಧಕ್ಕೇ ನಿಂತಿತು.

ನಾನು ಕೊರಕಲಿಗೆ ಇಳಿದಾಗ ಹಂದಿ ಅವನ ಮೇಲಿತ್ತು. ಅದರ ಪಕ್ಕೆಯಲ್ಲಿ ಅಪ್ಪನ ಈಟಿ ನಾಟಿಕೊಂಡು, ಅದು ತಲೆ ಆಡಿಸಿದಾಗಲೆಲ್ಲ ಈಟಿಯ ಹಿಡಿ ಬಂಡೆಗೆ ಬಡಿದು ಟಕ್ ಟಕ್ ಎನ್ನುತ್ತಿತ್ತು. ತಮ್ಮ ಬೆನ್ನ ಮೇಲೆ ಬಿದ್ದು ಎರಡೂ ಕೈಯಿಂದ ಅದರ ಕಿವಿ ಹಿಡಿದುಕೊಂಡಿದ್ದ. ಕೋರೆ ಅವನ ತೊಡೆಯೊಳಗೆ ಹೋಗಿ ಮೇಲಕ್ಕೆ ಸೀಳಿಕೊಂಡು ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಪ್ಯಾಂಟು, ಚರ್ಮ, ಮಾಂಸ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ರಕ್ತ ಚಿಮ್ಮಿ ಹಂದಿಯ ಮುಖವನ್ನು ತೋಯಿಸಿತ್ತು. ಅವನು ಅಳುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ನನ್ನನ್ನು ನೋಡಿ, "ಬರ್ಬೇಡಕ್ಕ" ಎಂದ.

ಗುದ್ದಲಿಯನ್ನು ತಲೆಯ ಮೇಲೆತ್ತಿ ಹಂದಿಯ ಬೆನ್ನಿಗೆ ಬಿಟ್ಟೆ. ಅದಕ್ಕೆ ತಾಕಿದಂತೆಯೇ ಕಾಣಲಿಲ್ಲ. ಮತ್ತೆ ಬಿಟ್ಟೆ. ಅದು ಅವನನ್ನು ಬಿಟ್ಟು ನನ್ನ ಕಡೆ ತಿರುಗಿತು, ತಿರುಗಿದಾಗ ಈಟಿಯ ಹಿಡಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದು ಮುಂದಕ್ಕೆ ನೂಕಿದಷ್ಟೂ ಅಲಗು ಅದರೊಳಕ್ಕೇ ಹೋಯಿತು. ನಾನು ಅದರ ಹಣೆಗೆ, ಕಣ್ಣಿಗೆ, ಮೂತಿಗೆ ಹಾಕಿದೆ. ಮೂಳೆ ಒಡೆದದ್ದು ಗುದ್ದಲಿಯ ಹಿಡಿಯ ಮೂಲಕ ಅಂಗೈಗೆ ತಿಳಿಯಿತು. ಮುಂಗಾಲು ಮಡಿಸಿ ಬಿತ್ತು. ಬಿದ್ದ ಮೇಲೂ ಹೊಡೆದೆ. ಸತ್ತ ಮೇಲೂ ಹೊಡೆದೆ. ಹೊಡೆಯುವುದು ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಒಡಹುಟ್ಟಿದವನ ರಕ್ತ ಅದರ ಮೂತಿಯ ಮೇಲಿತ್ತು, ಆ ಮೂತಿಯೇ ಇಲ್ಲದಂತೆ ಮಾಡಬೇಕಾಗಿತ್ತು. "ಸಾಕಕ್ಕ, ಇಲ್ಲಿ ನೋಡು" ಎಂದು ತಮ್ಮ ಹೇಳಿದಾಗಲೇ ನನಗೆ ಎಚ್ಚರವಾದದ್ದು.

ಸೀರೆಯ ಸೆರಗು ಹರಿದು ಅವನ ತೊಡೆಯ ಬುಡಕ್ಕೆ ಕಟ್ಟಿ, ಕಡ್ಡಿ ಸಿಕ್ಕಿಸಿ ತಿರುಚಿದೆ. ಹೊರೆ ಕಟ್ಟುವಾಗ ಹಗ್ಗ ಬಿಗಿಯುವುದು ಹೀಗೇ, ಬೇರೆ ಏನೂ ನನಗೆ ಗೊತ್ತಿರಲಿಲ್ಲ. ನನ್ನ ಕಿರುಚಾಟ ಕೇಳಿ ನಾವು ದೊಡ್ಡಪ್ಪ ಎಂದು ಕರೆಯುತ್ತಿದ್ದ ಪಕ್ಕದ ಹೊಲದವನು ಬಂದ. ಅಪ್ಪನ ಬೇಟೆಯ ಜೊತೆಗಾರ, ಮನೆಯಲ್ಲಿ ತೆಲುಗು ಆಡುವವನು. ಹಂದಿಯನ್ನು ನೋಡಿದ, ತಮ್ಮನನ್ನು ನೋಡಿದ, ಅಭ್ಯಾಸಬಲದಿಂದ "ಎವರಿ ದೆಬ್ಬ?" ಎಂದು ಕೇಳಿಬಿಟ್ಟ. ಯಾರ ಏಟು ಎಂದು. ನಾನು ಗುದ್ದಲಿ ಎತ್ತಿದ ಮೇಲೆ ಬಾಯಿ ಮುಚ್ಚಿಕೊಂಡು ವ್ಯಾನು ತರಲು ಓಡಿದ.

ವ್ಯಾನಿನಲ್ಲಿ ತಮ್ಮನ ತಲೆ ನನ್ನ ಮಡಿಲಲ್ಲಿತ್ತು. ಯಾಕೆ ಕೂಗಿದೆಯೋ ಮುಂಡೇದೇ, ಯಾರಿದ್ದರು ಅಲ್ಲಿ ಎಂದು ದಾರಿಯುದ್ದಕ್ಕೂ ಬೈದೆ. ಬೈಯುವುದು ನಿಲ್ಲಿಸಿದರೆ ಅವನು ಕಣ್ಣು ಮುಚ್ಚುತ್ತಾನೆ ಎಂಬ ಹೆದರಿಕೆ.

"ಬಾಯಿಗೆ ತಾನೇ ಬಂತಕ್ಕ. ಅದು ಪೊದೆ ಒಳಗೆ ಹೋಗಿ ಬಿದ್ದಿತ್ತು, ಸುಮ್ನಿದ್ದಿದ್ರೆ ಅಲ್ಲೇ ಸಾಯ್ತಿತ್ತು. ಓಗೊಡೋವರ್ಗೂ ನಿಲ್ಸೋಕೆ ಆಗ್ಲಿಲ್ಲ," ಎಂದ. ಆಮೇಲೆ ಮಾತು ತೊದಲತೊಡಗಿತು.

ಊರಿನಿಂದ ಫೋನು ಹೋಗಿತ್ತು, ಅಪ್ಪ ಗೌರಿಬಿದನೂರಿನಲ್ಲೇ ಇದ್ದದ್ದರಿಂದ ನಮಗಿಂತ ಮೊದಲೇ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದ. ಮಗನನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ನಡೆದದ್ದನ್ನೆಲ್ಲ ನನ್ನಿಂದ ಕೇಳಿ ಗೋಡೆಗೆ ಒರಗಿದ. ಬೆಂಗಳೂರಿಗೆ ಕರೆದುಕೊಂಡು ಹೋಗಿ, ಕಾಲಿನ ಮಾತು ಆಮೇಲೆ, ಮೊದಲು ಜೀವ ಉಳಿಯಲಿ ಎಂದರು ಡಾಕ್ಟರು. ಆಂಬುಲೆನ್ಸಿಗೆ ಕಾಯುತ್ತಿದ್ದಾಗ ಅಪ್ಪನ ಫೋನು ಹೊಡೆದುಕೊಂಡಿತು. ಊರಿನಿಂದ. ಹಂದಿಯನ್ನು ಏನು ಮಾಡುವುದು, ಹೂಳುವುದೋ ಎಂದು ಕೇಳುತ್ತಿದ್ದರು. ನನ್ನ ಅಪ್ಪ, ಒಳಗೆ ಮಗನ ರಕ್ತ ಹರಿಯುತ್ತಿರುವಾಗ, ತಣ್ಣನೆಯ ದನಿಯಲ್ಲಿ ಹೇಳಿದ: ಪಾಲು ಹಾಕಿ. ಹಿಂದೊಡೆ ನನ್ನ ಮಗನ ಪಾಲು. ಗುಂಡಿಗೆ ನನ್ನ ಮಗಳದು.

ಫೋನು ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಿದೆ. ನಿನ್ನ ಮಗನ ತೊಡೆ ಚಿಂದಿಯಾಗಿದೆ, ನಿನಗೆ ಹಂದಿಯ ತೊಡೆಯ ಚಿಂತೆ ಎಂದು ಆಸ್ಪತ್ರೆಯವರೆಲ್ಲ ತಿರುಗಿ ನೋಡುವಂತೆ ಕಿರುಚಿದೆ. ಅಪ್ಪ ಬಗ್ಗಿ ಫೋನಿನ ಚೂರುಗಳನ್ನು ಆರಿಸುತ್ತಾ ಹೇಳಿದ:

"ಪಾಲು ಹಾಕ್ದೆ ಇದ್ರೆ ಅವ್ನು ಒಬ್ನೇ ಹೋಗಿ ಕಳ್ಳತನ ಮಾಡ್ದೋನಾಗ್ತಾನೆ ಕಣಮ್ಮ. ಕಳ್ಳನಾಗಿ ಸಾಯೋದು ಬೇಡ ನನ್ ಮಗ. ನೀನು ಓಗೊಟ್ಟಿದ್ದೀಯ. ಅವ್ನು ಒಬ್ನೇ ಇರ್ಲಿಲ್ಲ."

ಅಲ್ಲಿಯವರೆಗೆ ಅಪ್ಪ ಅತ್ತದ್ದನ್ನು ನಾನು ನೋಡಿರಲಿಲ್ಲ. ಅತ್ತ ಮೇಲೂ ನನ್ನ ಕೋಪ ಇಳಿಯಲಿಲ್ಲ.

ಅಪ್ಪನೂ, ಸುದ್ದಿ ತಿಳಿದು ಓಡಿಬಂದ ನನ್ನ ಗಂಡನೂ ಅವನ ಜೊತೆ ಬೆಂಗಳೂರಿಗೆ ಹೋದರು. ಮಗು ಚಿಕ್ಕದು ಎಂದು ನನ್ನನ್ನು ಮನೆಗೆ ಕಳಿಸಿದರು. ಸಂಜೆ ಅಪ್ಪನ ಮನೆಯ ಜಗಲಿಯ ಮೇಲೆ ಮುತ್ತುಗದ ಎಲೆ ಮುಚ್ಚಿ ಎರಡು ಪಾಲು ಇಟ್ಟು ಹೋಗಿದ್ದರು. ಎಲೆ ಎತ್ತಿದೆ. ಹಿಂದೊಡೆಯ ಮಾಂಸ ಕೆಂಪಗೆ, ಅಚ್ಚುಕಟ್ಟಾಗಿ, ಒಂದು ಸೀಳೂ ಇಲ್ಲದೆ ಇತ್ತು. ಬೆಳಗ್ಗೆ ನೋಡಿದ ಇನ್ನೊಂದು ತೊಡೆ ಕಣ್ಣ ಮುಂದೆ ಬಂದು ಅಲ್ಲೇ ವಾಂತಿ ಮಾಡಿಕೊಂಡೆ. ಬಾಯಿ ತೊಳೆದುಕೊಂಡು ಬಂದು, ತೊಡೆಯನ್ನು ಎರಡು ಕೈಯಲ್ಲೆತ್ತಿ ಬೀದಿಗೆ ಎಸೆದೆ. ನಾಯಿಗಳು ಕಿತ್ತಾಡಿದವು.

ಗುಂಡಿಗೆಯನ್ನು ಎಸೆಯಲಿಲ್ಲ. ಒಲೆ ಹಚ್ಚಿ, ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ, ಹೊಸ್ತಿಲ ಮೇಲೆ ಕೂತು ಒಬ್ಬಳೇ ಪೂರ್ತಿ ತಿಂದೆ. ನಮ್ಮ ಊರಿನಲ್ಲಿ ಓಗೊಟ್ಟ ಪಾಲು ತಿಂದ ಹೆಂಗಸು ನಾನೊಬ್ಬಳೇ. ಹೋಗಿ ಬರುವವರೆಲ್ಲ ನೋಡಿದರು. ಯಾರಿಗೂ ಏನೂ ಅನ್ನುವ ಧೈರ್ಯ ಬರಲಿಲ್ಲ.

ತಮ್ಮ ಬದುಕಿದ. ಕಾಲು ಉಳಿಯಲಿಲ್ಲ. ಅರಣ್ಯದವರು ಬಂದು ಕೇಳಿದಾಗ, ಹೊಲದಲ್ಲಿದ್ದವನ ಮೇಲೆ ಹಂದಿ ಬಿತ್ತು ಎಂದು ಊರೆಲ್ಲ ಒಂದೇ ಮಾತು ಹೇಳಿತು. ಮನೆಗೆ ಬಂದ ದಿನ ಅವನು ಮಂಚದ ಮೇಲೆ ಕೂತು ಮೊದಲು ಆಡಿದ ಮಾತು, ತೊಡೆ ಕೊಟ್ಟು ತೊಡೆ ತಂದಿದ್ದೆ, ಅದನ್ನೂ ನಾಯಿಗೆ ಹಾಕಿದ್ಯಲ್ಲಕ್ಕ ಎಂದು. ನಾವಿಬ್ಬರೂ ನಕ್ಕೆವು, ಆಮೇಲೆ ನಾನು ಹಿತ್ತಲಿಗೆ ಹೋಗಿ ಅತ್ತೆ. ಫ್ಯಾಕ್ಟರಿಯಲ್ಲಿ ಅವನಿಗೆ ಕೂತು ಮಾಡುವ ಕೆಲಸ ಕೊಟ್ಟರು. ಅಪ್ಪ ತೀರಿಕೊಂಡ ಮೇಲೆ ಅವನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಅಪ್ಪನ ಈಟಿಯೂ ಬಂತು. ಅದನ್ನು ಅಟ್ಟದ ಮೇಲೆ, ಹಳೆಯ ಚಾಪೆಗಳ ಹಿಂದೆ ತಳ್ಳಿಟ್ಟಿದ್ದೆ.

ಇದೆಲ್ಲ ನನ್ನ ಮಗಳಿಗೆ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದಳು. ಮುದ್ದೆ ತಟ್ಟೆಗೆ ಹಾಕಿ, ಬೇಡ ಎಂದರೆ ಬೇಡ, ಭಾನುವಾರ ಊರಿನವರ ಜೊತೆ ಬೇಕಾದರೆ ಹೋಗು ಎಂದೆ. ಅವಳು ತಟ್ಟೆ ನೋಡುತ್ತಾ ಹೇಳಿದಳು:

"ನೀನು ಒಬ್ಳೇ ಹೋಗಿರ್ಲಿಲ್ವಾ ಅಮ್ಮ, ಗುದ್ದಲಿ ಹಿಡ್ಕೊಂಡು?"

"ನಾನು ಒಬ್ಳೇ ಹೋಗ್ಲಿಲ್ಲ. ಅವ್ನು ಕೂಗ್ದ, ನಾನು ಹೋದೆ," ಎಂದೆ.

ಅವಳು ಸೊಪ್ಪಿನ ಸಾರು ಇನ್ನೊಂದು ಸೌಟು ಬೇಕೆಂದಳು. ಗೆದ್ದೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದಾಗ ಅವಳ ಹಾಸಿಗೆ ಮಡಿಸಿತ್ತು. ಬಾಗಿಲ ಹತ್ತಿರದ ಕುರ್ಚಿ ಖಾಲಿ. ಅಟ್ಟಕ್ಕೆ ಏಣಿ ಒರಗಿತ್ತು, ಚಾಪೆಗಳು ಕೆಳಗೆ ಬಿದ್ದಿದ್ದವು. ಹಾಲಿನ ಕ್ಯಾನು ಎಲ್ಲಿ ಬಿಟ್ಟೆನೋ, ಗುದ್ದಲಿ ಹಿಡಿದು ಓಡಿದೆ. ಹೊಲದ ಬದುವಿನ ಹತ್ತಿರ ತಮ್ಮನ ಮೂರು ಚಕ್ರದ ಸ್ಕೂಟರು ನಿಂತಿತ್ತು. ಅವನು ಅದರ ಮೇಲೆಯೇ ಕೂತು ಕೊರಕಲಿನ ಕಡೆ ನೋಡುತ್ತಿದ್ದ. ಹೋಗಿ ಕೆನ್ನೆಗೆ ಬಾರಿಸಿದೆ. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

"ಹಂದಿಗೆ ಹೊಡೆದ್ರೂ ಕೂಗಲ್ಲ ಅಂತ ಆಣೆ ಹಾಕಿಸ್ಕೊಂಡೇ ಕಳ್ಸಿದ್ದೀನಿ ಕಣಕ್ಕ," ಎಂದ. "ನಾನು ಹೋಗಿದ್ದು ತಪ್ಪಲ್ಲ. ಕೂಗಿದ್ದು ತಪ್ಪು. ಅವ್ಳಾದ್ರೂ ಸರಿಯಾಗಿ ಮಾಡ್ಲಿ."

ಇಷ್ಟು ವರ್ಷ ಅವನು ಆ ಕುರ್ಚಿಯಲ್ಲಿ ಕೂತು ಇದನ್ನೇ ಲೆಕ್ಕ ಹಾಕುತ್ತಿದ್ದನೆಂದು ಆಗ ನನಗೆ ಗೊತ್ತಾಯಿತು. ಪಾಪ ಅನಿಸಿತು, ಇನ್ನೊಂದು ಬಾರಿಸಬೇಕು ಎಂದೂ ಅನಿಸಿತು.

"ಕೂಗ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತೇನೋ? ಅದು ಸುಮ್ನೆ ಬಂದು ನಿನ್ನ ಸೀಳಿದ್ರೂ ನಾನು ಕಡ್ಲೇಕಾಯಿ ಕೀಳ್ತಾನೇ ಇರ್ತಿದ್ದೆ," ಎಂದೆ.

ಇಬ್ಬರೂ ಕೊರಕಲಿನ ಕಡೆ ಕಿವಿಯಿಟ್ಟೆವು. ಒಂದು ಸದ್ದೂ ಇರಲಿಲ್ಲ. ಪೊದೆಯ ಮೇಲೆ ಬಿಸಿಲು ಬೀಳುತ್ತಿತ್ತು, ಎಲ್ಲೋ ಪಂಪ್‌ಸೆಟ್ಟು ಓಡುತ್ತಿತ್ತು. ನನ್ನ ಮಗಳು ಅಲ್ಲಿ ಕಾಯುತ್ತಿದ್ದಾಳೋ, ಬಿದ್ದಿದ್ದಾಳೋ, ಯಾವುದಾದರೂ ಕೋರೆ ಅವಳ ಹೊಟ್ಟೆಯೊಳಗಿದೆಯೋ ತಿಳಿಯುವ ದಾರಿಯೇ ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವವಳು ಅವಳು. ಸತ್ತರೂ ಕೂಗುವುದಿಲ್ಲ. ಫೋನು ಮಾಡಿದೆ. ಅವಳ ಫೋನು ಸೈಲೆಂಟಿನಲ್ಲಿತ್ತು.

ಒಳಗೆ ನುಗ್ಗಿದರೆ ಅವಳು ಎಸೆಯುವ ಈಟಿಗೆ ನಾನೇ ಅಡ್ಡ ಬರಬಹುದು. ನುಗ್ಗದಿದ್ದರೆ ಹೀಗೆಯೇ ನಿಂತು ಸಾಯಬೇಕು. ಆಗ ನನಗೆ ಒಂದು ವಿಷಯ ಹೊಳೆಯಿತು. ಗಾಯವಾಗದ ಹಂದಿ ಸದ್ದು ಕೇಳಿದರೆ ಓಡಿಹೋಗುತ್ತದೆ. ಗಾಯವಾದದ್ದು ಸದ್ದು ಮಾಡಿದವರ ಮೇಲೆ ಬರುತ್ತದೆ. ಎರಡೂ ನನಗೆ ಬೇಕಾದದ್ದೇ.

ಬದುವಿನ ಮೇಲೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಎರಡು ಕೈಯಲ್ಲಿ ಹಿಡಿದು, ಗುಡ್ಡಕ್ಕೆ ಬಡಿಯುವಂತೆ ಕೂಗಿದೆ.

"ಏಟು ನಂದೋ!"

ತಮ್ಮ ನನ್ನ ಕಡೆ ತಿರುಗಿ ನೋಡಿದ. ಮತ್ತೆ ಕೂಗಿದೆ. ಬಾ, ನನ್ನ ಮೇಲೆ ಬಾ, ಅವಳನ್ನು ಬಿಟ್ಟು ಇಲ್ಲಿಗೆ ಬಾ ಎಂದು ಒಳಗೊಳಗೇ ಬೇಡುತ್ತಾ ಕೂಗಿದೆ. ಮೂರನೆಯ ಸಲಕ್ಕೆ ನನ್ನ ದನಿ ಒಡೆಯಿತು. ಆಗ ಪಕ್ಕದಲ್ಲಿ, ಸ್ಕೂಟರಿನ ಹ್ಯಾಂಡಲ್ ಹಿಡಿದು ಒಂಟಿ ಕಾಲಿನ ಮೇಲೆ ಎದ್ದು ನಿಂತು, ನನ್ನ ತಮ್ಮ ಕತ್ತಿನ ನರ ಉಬ್ಬುವಂತೆ ಓಗೊಟ್ಟ.

"ಕೇಳ್ತೋ!"

ಕೊರಕಲಿನೊಳಗೆ ಏನೋ ದಡದಡ ಎಂದಿತು. ಪೊದೆ ಮುರಿಯುವ ಸದ್ದು ಗುಡ್ಡದ ಕಡೆಗೆ ಏರಿಕೊಂಡು ಹೋಗಿ ಅಡಗಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಮಗಳು ಮೈಕೈಯೆಲ್ಲ ಮುಳ್ಳು ತರಚಿಕೊಂಡು ಮೇಲೆ ಬಂದಳು. ಈಟಿಯ ಅಲಗಿನ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ. ಎಸೆಯಲು ಕೈ ಎತ್ತಿದ್ದಳಂತೆ, ಇನ್ನೊಂದು ಉಸಿರು ಬಿಟ್ಟಿದ್ದರೆ ಹೊಡೆದೇಬಿಡುತ್ತಿದ್ದಳಂತೆ, ನಾವಿಬ್ಬರೂ ಸೇರಿ ಎಲ್ಲ ಹಾಳುಮಾಡಿದೆವಂತೆ. ಬೈಯುತ್ತಾ ಬೈಯುತ್ತಾ ನನ್ನ ಕೈಯ ಗುದ್ದಲಿ ನೋಡಿ ಈಟಿ ಕೆಳಗಿಟ್ಟಳು.

ಹಂದಿಗಳು ಅಂದು ಸಂಜೆಯೇ ವಾಪಸು ಬಂದು ಉಳಿದ ಜೋಳವನ್ನೂ ಮುಗಿಸಿದವು. ಮಗಳು ಭಾನುವಾರದವರೆಗೆ ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟರೆ ಬಿಡಲಿ, ಎರಡೂ ಕಾಲಿನ ಮೇಲೆ ನಿಂತು ತಾನೇ ಬಿಟ್ಟದ್ದು.